ಎಂಜಲು

ಸ್ವಾನ್ಸಿ ಬಂದರಿನ ಹಿಂದೆ, ಹಳೇ ಗೋದಾಮಿನ ಎರಡನೇ ಮಹಡಿ.
ಏನು ಕೆಲಸ ಎಂದು ಕೇಳಿದವರಿಗೆ
ಲ್ಯಾಬು ಅನ್ನುತ್ತೇನೆ, ಅಷ್ಟೇ.
ನೊಣ ಸಾಕುತ್ತೇನೆ ಅಂದರೆ
ಊಟಕ್ಕೆ ಕರೆದವರು ತಟ್ಟೆ ಮುಚ್ಚಿಕೊಳ್ಳುತ್ತಾರೆ.

ಬಲೆಯ ಪಂಜರದಲ್ಲಿ ಹಸಿರು ನೊಣ, ಸಾವಿರ ಇರಬಹುದು.
ಹುಣಿಸೆಹಣ್ಣು ಕಾಣದ ತಾಮ್ರದ ಚೊಂಬಿನ ಕಿಲುಬು
ಒಂದೊಂದರ ಬೆನ್ನ ಮೇಲೂ.
ಈ ಊರಲ್ಲಿ ಒಂದು ಕಾಲಕ್ಕೆ ತಾಮ್ರ ಕರಗಿಸುತ್ತಿದ್ದರಂತೆ,
ಹೊಗೆಗೆ ಗುಡ್ಡದ ಹುಲ್ಲೂ ಸತ್ತಿತ್ತಂತೆ.
ಆ ಕುಲುಮೆಗಳ ಕಿಡಿ ಆರಿ, ಕಿಲುಬಾಗಿ,
ರೆಕ್ಕೆ ಹಚ್ಚಿಕೊಂಡು ನನ್ನ ಪಾಲಿಗೆ ಬಂದಿದೆ ಅಂತ
ಬೇಸರ ಬಂದ ಮಧ್ಯಾಹ್ನ ಅಂದುಕೊಳ್ಳುತ್ತೇನೆ.

ಸಕ್ಕರೆ, ನೀರು, ಹಂದಿಯ ಲಿವರಿನ ಒಂದು ತುಂಡು.
ತುಂಡಿನ ಮೇಲೆ ಇಟ್ಟ ಮೊಟ್ಟೆ ಅಕ್ಕಿನುಚ್ಚಿನ ಹಾಗೆ.
ತೊಳೆದು, ಮತ್ತೆ ತೊಳೆದು, ಮಡಿಯಲ್ಲಿಟ್ಟು ಮರಿ ಮಾಡಿಸುತ್ತೇನೆ;
ಮಡಿ ಅಂದರೆ ಇಲ್ಲಿ ಗ್ಲೋವ್ಸು, ಸ್ಪಿರಿಟ್ಟು, ನೀಲಿ ದೀಪ.
ಮೂರನೇ ದಿನ ಒಂದು ಬಟ್ಟಲು ನೀರಿಗೆ ಬಿಟ್ಟು
ಕತ್ತಲಲ್ಲಿ ಒಂದು ಗಂಟೆ.
ಅವು ಉಗುಳುತ್ತವೆ.
ಹಲ್ಲಿಲ್ಲದ ಬಾಯಿ, ನುಂಗುವ ಮೊದಲೇ ಕರಗಿಸಿಕೊಳ್ಳುವ ಬಾಯಿ.
ಆ ನೀರನ್ನು ಸೋಸಿ, ಗಿರಗಿರ ತಿರುಗಿಸಿ, ಮತ್ತೆ ಸೋಸಿ
ಸೀಸೆಗೆ ತುಂಬಿ ಚೀಟಿ ಅಂಟಿಸುತ್ತೇನೆ.
ಚೀಟಿಯ ಮೇಲೆ ಮಾರುದ್ದದ ಹೆಸರು.
ನನ್ನ ಭಾಷೆಯಲ್ಲಿ ಒಂದೇ ಪದ: ಎಂಜಲು.

ಗದಗಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಗೌರಕ್ಕಜ್ಜಿ
ನಲ್ಲಿಯ ಸರದಿ ತಪ್ಪಿಸಿದವರಿಗೆಲ್ಲ
'ನಿನ್ನ ಬಾಯಾಗ ಹುಳಾ ಬೀಳ್ಲಿ' ಅನ್ನುತ್ತಿದ್ದಳು.
ಕಚ್ಚಿದ ಪೇರಲಹಣ್ಣು ಗೆಳತಿಗೆ ಕೊಟ್ಟರೆ
ಮೊಣಕೈಗೆ ಬೀಳುತ್ತಿತ್ತು ಸೌಟು.
ಅಜ್ಜಿ, ಕೇಳು:
ನಿನ್ನ ಬೈಗುಳವನ್ನು ಮಿಲಿಲೀಟರಿನಲ್ಲಿ ಅಳೆಯುತ್ತೇನೆ ಈಗ,
ತಿಂಗಳ ಸಂಬಳಕ್ಕೆ.

ಅಲೆಪ್ಪೊದಿಂದ ಹೊರಟು ಮೂರು ದೇಶ ದಾಟಿ
ಇಲ್ಲಿ ಮದುವೆ ಗೌನುಗಳ ಅಂಚು ಹೊಲಿಯುವವಳು ಸೌಸನ್.
ಎಡ ಮಣಿಕಟ್ಟಿನ ಮೇಲೆ ಹುಣ್ಣು,
ಸುತ್ತ ಕಟ್ಟೆ ಕಟ್ಟಿದ ಹಾಗೆ, ನಡುವೆ ಹಳ್ಳ.
ಮರಳುನೊಣ ಕಚ್ಚಿ ಒಳಗಿಟ್ಟು ಹೋದ ಜೀವಿ
ಅವಳ ಚರ್ಮದಲ್ಲೇ ಬಿಡಾರ ಹೂಡಿದೆ.
ಅವಳ ಕಡೆ ಇದಕ್ಕೆ ವರ್ಷದ ಹುಣ್ಣು ಅನ್ನುತ್ತಾರಂತೆ.
'ನನ್ನದು ಲೆಕ್ಕ ತಪ್ಪಿದೆ, ಎರಡನೇ ವರ್ಷ' ಅಂದಳು.
ವಧುಗಳು ಹೆದರಬಾರದೆಂದು
ಜುಲೈಯಲ್ಲೂ ಉದ್ದ ತೋಳು.

ನೊಣ ಮಾಡಿದ ಸಾಲ ನೊಣವೇ ತೀರಿಸಲಿ ಎಂದು ಡಾಕ್ಟರ್ ಪ್ರೊಸ್ಸರ್ ನಗುತ್ತಾರೆ.
ನಗು ಮುಗಿದ ಮೇಲೆ ಲೆಕ್ಕ:
ಇಪ್ಪತ್ತೆರಡು ಜನ, ಅರ್ಧಕ್ಕೆ ನನ್ನ ಸೀಸೆ,
ಅರ್ಧಕ್ಕೆ ಬರೀ ಉಪ್ಪುನೀರು.
ಯಾರಿಗೆ ಯಾವುದೆಂದು ಬಲ್ಲದ್ದು
ಬೀಗ ಹಾಕಿದ ಒಂದು ಕಪಾಟು.

ನೋಡಬೇಕು, ಅಂದಳು ಸೌಸನ್.
ನಿಯಮದಲ್ಲಿ ಇಲ್ಲ.
ಗುರುವಾರ ಸಂಜೆ ನರ್ಸ್ ಮೆರೆರಿಡ್ ಬೇಕೆಂದೇ ಚಹಾಕ್ಕೆ ಹೋದಳು.
ಬಟ್ಟಲ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು ಸೌಸನ್,
ಮುಖ ಹಿಂಡಲಿಲ್ಲ.
ಸೂಜಿಗೆ ಪೋಣಿಸುವ ಮುಂಚೆ ದಾರದ ತುದಿಯನ್ನು ನಾವೂ
ಹೀಗೆ, ಅಂದು, ಪದ ಸಿಗದೆ, ನಾಲಿಗೆ ತೋರಿಸಿದಳು.
ಇಲ್ಲದಿದ್ದರೆ ಕಣ್ಣಿಗೆ ಹೋಗುವುದಿಲ್ಲ.
ಇಷ್ಟು ಗೌನು ಹೊಲಿದೆ,
ಯಾವ ವಧುವೂ ಕೇಳಿಲ್ಲ.
ನನ್ನ ಬಳಿ ಇತ್ತು ಪದ, ಕೊಟ್ಟೆ.
ಎಂಜಲು, ಎಂಜಲು ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದಳು.

ಒಂಬತ್ತನೇ ವಾರ, ಅಳತೆಪಟ್ಟಿ ಇಟ್ಟು ಮೆರೆರಿಡ್
ಕಟ್ಟೆ ತಗ್ಗಿದೆ ಅಂದಳು.
ನನ್ನ ಸೀಸೆಯೋ, ಉಪ್ಪುನೀರೋ,
ತಾನೇ ಬೇಸತ್ತು ಬಿಡಾರ ಕಿತ್ತಿತೋ.
ತಾನಾಗಿ ಮಾಯುವುದೂ ಉಂಟು ಈ ಹುಣ್ಣು.
ಬೀಗ ತೆಗೆಯುವುದು ಮಾರ್ಚಿನಲ್ಲಿ.

ಆ ರಾತ್ರಿ ಸಾರಿನ ಪಾತ್ರೆಯ ಅಂಚಿಗೆ ಒಂದು ನೊಣ,
ಬೂದು ಬಣ್ಣದ್ದು, ನನ್ನ ಸಂಬಳಕ್ಕೆ ಸಂಬಂಧವಿಲ್ಲದ್ದು.
ಕೈ ತಾನಾಗಿ ಎದ್ದಿತು. ಹೊಡೆದೆ.
ಸಾರು ಚೆಲ್ಲಲು ಮನಸ್ಸಾಗದೆ ಮತ್ತೆ ಕುದಿಸಿ ಉಂಡೆ.
ಕೋಟಿನ ಗುಂಡಿ ಸಡಿಲಾದದ್ದು ನೆನಪಾಗಿ
ದೀಪದ ಕೆಳಗೆ ಸೂಜಿ ಹಿಡಿದು ಕೂತು
ದಾರವನ್ನು ತುಟಿಗೆ ತಂದವಳು ಅಲ್ಲೇ ನಿಂತೆ.
ಅಜ್ಜಿ,
ನೀನೂ ಹೀಗೇ ಪೋಣಿಸುತ್ತಿದ್ದೆಯಲ್ಲ.